ಜಲಜನಕಕ್ಕೆ ಅಳತೆಗೋಲನ್ನಿತ್ತ ಮೈಕೆಲ್ ಫ್ಯಾರಡೆ

ಬೀರೂರು, ಕಡೂರು, ತರೀಕೆರೆ ಸೀಮೆಯ ಪ್ರೌಢಶಾಲೆಗಳಲ್ಲಿ ವಿಜ್ಞಾನ ಪ್ರದರ್ಶನವೆಂದರೆ, ಒಂದು ಮೇಜಿನ ಮೇಲೆ ನೀರನ್ನು ಒಡೆಯುವ ಪಾತ್ರೆ ಕಾಣಸಿಗುವುದು ಅಪರೂಪವಲ್ಲ. ಅಗಲ ಬಾಯಿಯ ಗಾಜಿನ ಬಾಟಲಿ, ಅದರಲ್ಲಿ ವಾಷಿಂಗ್ ಸೋಡಾ ಕದಡಿದ ನೀರು, ಪೆನ್ಸಿಲಿನ ಎರಡು ಕಡ್ಡಿಗಳು ಅಥವಾ ಹಳೆಯ ಟಾರ್ಚ್ ಸೆಲ್ಲನ್ನು ಒಡೆದು ತೆಗೆದ ಇದ್ದಿಲ ಸರಳುಗಳು, ಮೇಲೆ ಬೋರಲು ಹಾಕಿದ ಎರಡು ಪ್ರನಾಳಗಳು. ತಂತಿಯನ್ನು ಬ್ಯಾಟರಿಗೆ ಸೇರಿಸಿದೊಡನೆ ಗುಳ್ಳೆಗಳು ಏಳುತ್ತವೆ. ಒಂದು ಪ್ರನಾಳದಲ್ಲಿ ಜಲಜನಕ, ಇನ್ನೊಂದರಲ್ಲಿ ಅದರ ಅರ್ಧದಷ್ಟು ಆಮ್ಲಜನಕ. ಇಂಥ ಎರಡು ಪಾತ್ರೆಗಳು ಅಕ್ಕಪಕ್ಕದಲ್ಲಿದ್ದರೆ ಬಾಲಕರಲ್ಲಿ ವಾದ ಹುಟ್ಟುವುದು ಸಹಜ. ನನ್ನದರಲ್ಲಿ ಗುಳ್ಳೆ ಹೆಚ್ಚು ಎಂದು ಒಬ್ಬನು, ನನ್ನದು ಬೇಗ ತುಂಬಿತು ಎಂದು ಇನ್ನೊಬ್ಬನು. ಯಾವುದು ಮೇಲು ಎಂಬುದನ್ನು ಕಣ್ಣಿನಿಂದ ನಿರ್ಣಯಿಸಲಾಗದು, ಅಳೆಯಬೇಕು. ಆದರೆ ಏನನ್ನು ಅಳೆಯಬೇಕು, ಯಾವುದಕ್ಕೆ ಹೋಲಿಸಬೇಕು? ಈ ಪ್ರಶ್ನೆಗೆ ಮೊದಲು ನಿಷ್ಕೃಷ್ಟವಾದ ಉತ್ತರವನ್ನು ಕಂಡುಕೊಂಡವನು ಕಾಲೇಜಿನ ಮೆಟ್ಟಿಲನ್ನು ವಿದ್ಯಾರ್ಥಿಯಾಗಿ ಎಂದೂ ಹತ್ತದ, ಗಣಿತದಲ್ಲಿ ಕೂಡು ಕಳೆ ಗುಣಿಸು ಭಾಗಿಸುವುದಕ್ಕಿಂತ ಹೆಚ್ಚಿನದನ್ನು ಅರಿಯದ ಒಬ್ಬ ಕಮ್ಮಾರನ ಮಗ. ಆತನೇ ಮೈಕೆಲ್ ಫ್ಯಾರಡೆ.

ಕಾರ್ನ್‌ವಾಲಿಸನ ಸೇನೆಯು ಬೆಂಗಳೂರಿನ ಕೋಟೆಯನ್ನು ಟಿಪ್ಪು ಸುಲ್ತಾನನಿಂದ ಕಿತ್ತುಕೊಂಡ ವರ್ಷವೇ, ಎಂದರೆ 1791ರ ಸೆಪ್ಟೆಂಬರ್ 22ರಂದು, ಲಂಡನ್ನಿನ ಅಂಚಿನ ನ್ಯೂವಿಂಗ್ಟನ್ ಬಟ್ಸ್ ಎಂಬಲ್ಲಿ ಫ್ಯಾರಡೆ ಜನಿಸಿದನು. ತಂದೆ ಜೇಮ್ಸ್ ಉತ್ತರ ಇಂಗ್ಲೆಂಡಿನಿಂದ ಹೊಟ್ಟೆಪಾಡಿಗಾಗಿ ವಲಸೆ ಬಂದವನು. ಕುಲುಮೆಯ ಕೆಲಸ, ಅದರ ಮೇಲೆ ಸದಾ ಕಾಡುವ ಅನಾರೋಗ್ಯ. ತಾಯಿ ಮಾರ್ಗರೆಟ್. ನಾಲ್ವರು ಮಕ್ಕಳಲ್ಲಿ ಮೈಕೆಲ್ ಮೂರನೆಯವನು. 1801ರಲ್ಲಿ ಧಾನ್ಯದ ಬೆಲೆ ವಿಪರೀತ ಏರಿದಾಗ ಬಾಲಕನ ಪಾಲಿಗೆ ಬರುತ್ತಿದ್ದುದು ವಾರಕ್ಕೆ ಒಂದು ರೊಟ್ಟಿ. ಅದನ್ನೇ ಏಳು ದಿನ ಅವನು ಹಂಚಿಕೊಂಡು ತಿನ್ನಬೇಕಾಗಿತ್ತು. ಓದು, ಬರಹ, ಸ್ವಲ್ಪ ಲೆಕ್ಕ, ಇಷ್ಟೇ ಅವನ ಶಾಲಾಭ್ಯಾಸ. ಮನೆಯವರು ಸ್ಯಾಂಡೆಮನ್ ಪಂಥವೆಂಬ ಚಿಕ್ಕದೊಂದು ಕ್ರೈಸ್ತ ಪಂಗಡಕ್ಕೆ ಸೇರಿದವರು. ಧನಸಂಚಯವನ್ನು ಆ ಪಂಗಡ ಒಪ್ಪುತ್ತಿರಲಿಲ್ಲ. ಈ ಸಂಸ್ಕಾರ ಫ್ಯಾರಡೆಯನ್ನು ಕಡೆಯವರೆಗೂ ಬಿಡಲಿಲ್ಲ.

ಹದಿಮೂರನೆಯ ವಯಸ್ಸಿನಲ್ಲಿ, 1804ರಲ್ಲಿ, ಅವನು ಬ್ಲಾಂಡ್‌ಫರ್ಡ್ ಬೀದಿಯ ಜಾರ್ಜ್ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಯಲ್ಲಿ ಮನೆಮನೆಗೆ ಪತ್ರಿಕೆ ಹಂಚುವ ಹುಡುಗನಾಗಿ ಸೇರಿದನು. ಮರುವರ್ಷ ಅಲ್ಲಿಯೇ ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬನ್ನು ಕಲಿಯಲು ಏಳು ವರ್ಷಗಳ ಕರಾರಾಯಿತು. ಕಸುಬು ಕಲಿಯುವ ಹುಡುಗನ ಮನೆಯವರು ಒಡೆಯನಿಗೆ ಹಣ ಕಟ್ಟುವುದು ಅಂದಿನ ರೂಢಿ. ಹುಡುಗನ ನಿಷ್ಠೆಯನ್ನು ಒಂದು ವರ್ಷ ಕಂಡಿದ್ದ ರೀಬೋ ಆ ಹಣವನ್ನು ಬಿಟ್ಟುಕೊಟ್ಟನು. ಇದು ಫ್ಯಾರಡೆಗೆ ದೊರೆತ ಮೊದಲನೆಯ ವಿದ್ಯಾದಾನವೆಂದೇ ಹೇಳಬೇಕು, ಕೊಟ್ಟವನಿಗೆ ತಾನು ಕೊಡುತ್ತಿರುವುದು ಅದೆಂದು ಗೊತ್ತಿರದಿದ್ದರೂ. ಹಗಲೆಲ್ಲ ಹೊಲಿದು ಅಂಟಿಸಿದ ಪುಸ್ತಕಗಳನ್ನು ಹುಡುಗ ರಾತ್ರಿ ಓದತೊಡಗಿದನು. ರಟ್ಟು ಕಟ್ಟಲು ಬಂದ ಬ್ರಿಟಾನಿಕಾ ವಿಶ್ವಕೋಶದಲ್ಲಿ ವಿದ್ಯುತ್ತನ್ನು ಕುರಿತ ಲೇಖನ ಸಿಕ್ಕಿತು. ಜೇನ್ ಮಾರ್ಸೆಟ್ ಎಂಬ ವಿದುಷಿ ಸಂಭಾಷಣೆಯ ರೂಪದಲ್ಲಿ ಬರೆದಿದ್ದ ರಸಾಯನಶಾಸ್ತ್ರದ ಪುಸ್ತಕ ಸಿಕ್ಕಿತು. ಓದಿದ ಮಾತನ್ನು ಓದಿದ್ದಕ್ಕಾಗಿಯೇ ನಂಬದೆ, ಕೈಗೆಟುಕುವ ನಾಲ್ಕಾರು ಕಾಸಿನಲ್ಲಿ ಆಗುವಷ್ಟನ್ನು ತಾನೇ ಮಾಡಿ ನೋಡುವ ಚಟ ಆಗಲೇ ಅಂಟಿಕೊಂಡಿತು.

ಸಂಜೆಯ ವೇಳೆ ಟೇಟಮ್ ಎಂಬುವನು ತನ್ನ ಮನೆಯಲ್ಲಿ ವಿಜ್ಞಾನೋಪನ್ಯಾಸ ನಡೆಸುತ್ತಿದ್ದನು. ಪ್ರವೇಶಕ್ಕೆ ಒಂದು ಷಿಲ್ಲಿಂಗು. ಆ ಷಿಲ್ಲಿಂಗನ್ನು ಕೊಟ್ಟವನು ಕಮ್ಮಾರಿಕೆಯಲ್ಲಿಯೇ ದುಡಿಯುತ್ತಿದ್ದ ಅಣ್ಣ ರಾಬರ್ಟ್. ರೀಬೋನ ಅಂಗಡಿಗೆ ಬರುತ್ತಿದ್ದ ವಿಲಿಯಂ ಡಾನ್ಸ್ ಎಂಬ ಗಿರಾಕಿಯೊಬ್ಬನು ಹುಡುಗನ ಆಸಕ್ತಿಯನ್ನು ಕಂಡು, ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸರ್ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಚೀಟಿ ಕೊಡಿಸಿದನು. 1812ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಾಲ್ಕು ಉಪನ್ಯಾಸಗಳು. ಫ್ಯಾರಡೆ ಕೇಳಿದ್ದನ್ನೆಲ್ಲ ಬರೆದು, ಚಿತ್ರಗಳೊಡನೆ ವಿಸ್ತರಿಸಿ, ತಾನೇ ರಟ್ಟು ಕಟ್ಟಿದನು.

ಅದೇ ವರ್ಷದ ಜುಲೈಯಲ್ಲಿ ಅವನು ಮಾಡಿದ ಒಂದು ಸಣ್ಣ ಪ್ರಯೋಗವನ್ನು ಇಲ್ಲಿ ವಿಸ್ತಾರವಾಗಿ ಹೇಳಬೇಕು. ಇಟಲಿಯ ವೋಲ್ಟಾನು ಸತು ಮತ್ತು ಇನ್ನೊಂದು ಲೋಹದ ಬಿಲ್ಲೆಗಳನ್ನು ಒದ್ದೆಯ ಕಾಗದದೊಡನೆ ಒಂದರ ಮೇಲೊಂದು ಪೇರಿಸಿ ನಿರಂತರವಾದ ವಿದ್ಯುತ್ಪ್ರವಾಹವನ್ನು ಪಡೆದ ವಾರ್ತೆ 1800ರಲ್ಲಿ ಲಂಡನ್ನಿಗೆ ಬಂದಿತ್ತು. ಅದೇ ವರ್ಷ ನಿಕೊಲ್ಸನ್ ಮತ್ತು ಕಾರ್ಲೈಲ್ ಎಂಬಿಬ್ಬರು ಅಂಥ ಪೇರಿನಿಂದ ನೀರನ್ನು ಜಲಜನಕ ಆಮ್ಲಜನಕಗಳಾಗಿ ಒಡೆದಿದ್ದರು. ರಟ್ಟು ಕಟ್ಟುವ ಹುಡುಗನಿಗೆ ಅಂಥ ಉಪಕರಣ ಕೊಳ್ಳುವ ಶಕ್ತಿ ಎಲ್ಲಿಯದು? ಅವನು ಸತುವಿನ ತಗಡಿನಿಂದ ಏಳು ಬಿಲ್ಲೆಗಳನ್ನು ಕತ್ತರಿಸಿದನು. ತಾಮ್ರದ ಬಿಲ್ಲೆಗಳ ಬದಲಿಗೆ ಏಳು ಅರ್ಧಪೆನ್ನಿಯ ಕಾಸುಗಳನ್ನು ಬಳಸಿದನು. ನಡುವೆ ಉಪ್ಪುನೀರಿನಲ್ಲಿ ತೋಯಿಸಿದ ಆರು ಕಾಗದದ ತುಂಡುಗಳು. ಈ ಗೇಣುದ್ದವೂ ಇಲ್ಲದ ಪೇರಿನಿಂದ ತಂತಿಗಳನ್ನು ಎಳೆದು ಭೇದಿ ಉಪ್ಪು ಕರಗಿಸಿದ ನೀರಿನಲ್ಲಿ ಅದ್ದಿದಾಗ, ಗುಳ್ಳೆಗಳೆದ್ದವು, ದ್ರಾವಣ ಕದಡಿತು, ಲವಣ ಒಡೆದಿತ್ತು. ತನ್ನ ಕಣ್ಣನ್ನೇ ನಂಬಲಾರದೆ ಅವನು ಮತ್ತೆ ಮತ್ತೆ ಮಾಡಿ ನೋಡಿ, ಆ ಸಂಭ್ರಮವನ್ನು ಬೆಂಜಮಿನ್ ಅಬಟ್ ಎಂಬ ಗೆಳೆಯನಿಗೆ ಪತ್ರದಲ್ಲಿ ವರ್ಣಿಸಿದನು. ವಿದ್ಯುದ್ವಿಭಜನೆಯ ನಿಯಮಗಳನ್ನು ಮುಂದೆ ಕಂಡುಹಿಡಿಯುವವನ ಮೊದಲ ಉಪಕರಣ ಹೀಗೆ ಮನೆಯಲ್ಲಿ ಮಾಡಿದ್ದು. ಅದರ ಬಂಡವಾಳದ ಅರ್ಧಭಾಗ ಜೇಬಿನ ಚಿಲ್ಲರೆ.

ಮುಂದಿನದು ಬಹುಮಂದಿ ಕೇಳಿರುವ ಕಥೆ. ಕರಾರಿನ ಅವಧಿ ಮುಗಿಯಿತು. ಹೊಸ ಒಡೆಯ ಮುಂಗೋಪಿ. ಫ್ಯಾರಡೆ ತನ್ನ ಟಿಪ್ಪಣಿಯ ಹೊತ್ತಗೆಯನ್ನು ಡೇವಿಗೆ ಕಳುಹಿಸಿ ಕೆಲಸ ಬೇಡಿದನು. ಡೇವಿ ದಯೆಯಿಂದ ಮಾತನಾಡಿಸಿದನು, ಆದರೆ ಆಗ ಜಾಗ ಖಾಲಿ ಇರಲಿಲ್ಲ. ಕೆಲವು ತಿಂಗಳಲ್ಲಿ ಪ್ರಯೋಗಶಾಲೆಯ ಸಹಾಯಕನೊಬ್ಬನು ಜಗಳವಾಡಿ ಕೆಲಸ ಕಳೆದುಕೊಂಡನು. 1813ರ ಮಾರ್ಚ್ 1ರಂದು ಫ್ಯಾರಡೆಯ ನೇಮಕವಾಯಿತು. ವಾರಕ್ಕೆ ಇಪ್ಪತ್ತೈದು ಷಿಲ್ಲಿಂಗು, ಮಾಳಿಗೆಯ ಮೇಲೆ ಎರಡು ಕೋಣೆ. ಅದೇ ವರ್ಷ ಡೇವಿಯೊಡನೆ ಯೂರೋಪಿನ ಪ್ರವಾಸ. ಡೇವಿಯ ಪತ್ನಿ ಅವನನ್ನು ಆಳಿನಂತೆ ನಡೆಸಿಕೊಂಡಳು. ಮನಸ್ಸು ಮುರಿದು ಹಿಂದಿರುಗುವ ಯೋಚನೆ ಬಂದರೂ, ಪ್ಯಾರಿಸಿನಲ್ಲಿ ಆಂಪೇರನನ್ನೂ ಮಿಲಾನಿನಲ್ಲಿ ವೃದ್ಧ ವೋಲ್ಟಾನನ್ನೂ ಕಾಣುವ ಭಾಗ್ಯ ಆ ನೋವಿನೊಡನೆಯೇ ಬಂದಿತು.

ಡೇವಿಯ ವಿಷಯದಲ್ಲಿ ಚರಿತ್ರಕಾರರು ಒಂದೇ ಸಾಲಿನ ತೀರ್ಪು ಕೊಡುವುದುಂಟು. ಅದು ನ್ಯಾಯವಲ್ಲ. ಬಡ ಹುಡುಗನಿಗೆ ಬಾಗಿಲು ತೆರೆದವನೂ ಅವನೇ, ಆ ಹುಡುಗ ಸಮಾನನಾಗಿ ಬೆಳೆದಾಗ ಅಡ್ಡ ನಿಂತವನೂ ಅವನೇ. 1821ರ ಸೆಪ್ಟೆಂಬರಿನಲ್ಲಿ ವಿದ್ಯುತ್ತು ಹರಿಯುವ ತಂತಿಯು ಅಯಸ್ಕಾಂತದ ಸುತ್ತ ತಿರುಗುವುದನ್ನು ಫ್ಯಾರಡೆ ತೋರಿಸಿ, ಅವಸರದಲ್ಲಿ ಪ್ರಕಟಿಸಿಬಿಟ್ಟನು. ಅದಕ್ಕೆ ಸಮೀಪದ ವಿಚಾರವನ್ನು ವುಲಸ್ಟನ್ ಎಂಬ ಹಿರಿಯ ವಿಜ್ಞಾನಿ ಮೊದಲೇ ಆಲೋಚಿಸಿದ್ದನು. ಲೇಖನದಲ್ಲಿ ಅವನ ಹೆಸರು ಬಿಟ್ಟುಹೋಗಿತ್ತು. ಫ್ಯಾರಡೆ ಕದ್ದನೆಂಬ ಪಿಸುಮಾತು ಹಬ್ಬಿತು. ಬಡವನ ಬಂಡವಾಳವೆಲ್ಲ ಅವನ ಪ್ರಾಮಾಣಿಕತೆ. ಅದೇ ಹೋದರೆ ಉಳಿಯುವುದೇನು? ಆತನು ನೇರವಾಗಿ ವುಲಸ್ಟನನ ಬಳಿಗೆ ಹೋಗಿ ವಿಷಯವನ್ನು ಬಿಡಿಸಿ ಹೇಳಿದನು. ವುಲಸ್ಟನ್ ಅದನ್ನು ದೊಡ್ಡದು ಮಾಡಲಿಲ್ಲ. ಆದರೂ 1824ರ ಜನವರಿಯಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವಕ್ಕೆ ಆಯ್ಕೆ ನಡೆದಾಗ, ಅಧ್ಯಕ್ಷನಾಗಿದ್ದ ಡೇವಿ ವಿರೋಧಿಸಿದ್ದನು. ಪೆಟ್ಟಿಗೆಯಲ್ಲಿ ಬಿದ್ದ ವಿರೋಧದ ಮತ ಒಂದೇ ಒಂದು. ಫ್ಯಾರಡೆ ಸದಸ್ಯನಾದನು. ಗುರುವನ್ನು ಕುರಿತು ಅಗೌರವದ ಮಾತನ್ನು ಅವನು ಬಹಿರಂಗವಾಗಿ ಆಡಲಿಲ್ಲ. ಆದರೆ ಆ ಪ್ರಸಂಗದ ಗಾಯದಿಂದ ಕಲಿತದ್ದು ಉಂಟು: ಮಾಡಿದ ಪ್ರತಿಯೊಂದು ಪ್ರಯೋಗಕ್ಕೂ ದಿನಾಂಕ ಹಾಕಿ, ಯಾರಿಂದ ಯಾವುದು ಬಂದಿತೆಂದು ನಮೂದಿಸುವುದರಲ್ಲಿ ಅವನು ಅತ್ಯಂತ ಜಾಗರೂಕನಾದನು.

1831ರ ಆಗಸ್ಟ್ 29ರಂದು ಅವನು ಅಯಸ್ಕಾಂತದಿಂದ ವಿದ್ಯುತ್ತನ್ನು ಹುಟ್ಟಿಸಿದ ಸಂಗತಿ ಲೋಕವಿಖ್ಯಾತವಾದುದು. ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿದ ವಿದ್ಯುತ್ತಿಗೂ ಅದೇ ಮೂಲ. ಅದರ ವಿಸ್ತಾರ ಇಲ್ಲಿ ಬೇಡ. ಅದರ ಬೆನ್ನಿಗೇ, 1832ರಿಂದ 1834ರವರೆಗೆ, ಅವನು ಕೈಗೊಂಡ ಮತ್ತೊಂದು ತಪಸ್ಸು ಅಷ್ಟೇ ಹಿರಿದಾದುದಾದರೂ ಅಷ್ಟಾಗಿ ಜನಜನಿತವಲ್ಲ.

ಆ ಕಾಲದಲ್ಲಿ ವಿದ್ಯುತ್ತಿಗೆ ಅಳತೆಯೇ ಇರಲಿಲ್ಲ. ಆಂಪೇರು, ವೋಲ್ಟು ಎಂಬ ಮಾನಗಳನ್ನು ವಿದ್ವಾಂಸರು ಪ್ಯಾರಿಸಿನಲ್ಲಿ ಸೇರಿ ಒಪ್ಪಿಕೊಂಡದ್ದು 1881ರಲ್ಲಿ. ಗಾಜಿನ ಚಕ್ರವನ್ನು ಉಜ್ಜಿ ಪಡೆದ ವಿದ್ಯುತ್ತು, ವೋಲ್ಟಾನ ಪೇರಿನ ವಿದ್ಯುತ್ತು, ಅಯಸ್ಕಾಂತದ ವಿದ್ಯುತ್ತು ಇವೆಲ್ಲ ಒಂದೆಯೋ ಬೇರೆಬೇರೆಯೋ ಎಂಬುದರಲ್ಲಿಯೇ ಸಂದೇಹವಿತ್ತು. ಫ್ಯಾರಡೆ ಹೋಲಿಸಿ ನೋಡಿದನು. ಉಜ್ಜುವ ದೊಡ್ಡ ಯಂತ್ರವನ್ನು ಮೂವತ್ತು ಸುತ್ತು ತಿರುಗಿಸಿ ಸಂಗ್ರಹಿಸಿದ ವಿದ್ಯುತ್ತು ಅಳೆಯುವ ಮುಳ್ಳನ್ನು ಎಷ್ಟು ಓರೆ ಮಾಡುವುದೋ, ನೀರು ಬೆರೆಸಿದ ಆಮ್ಲದಲ್ಲಿ ಸಣ್ಣದೊಂದು ಸತುವಿನ ತಂತಿಯನ್ನೂ ಪ್ಲಾಟಿನಂ ತಂತಿಯನ್ನೂ ಅದ್ದಿದಾಗ ಅವನ ಗಡಿಯಾರದ ಎಂಟು ಬಡಿತದಷ್ಟು ಕಾಲದಲ್ಲಿ, ಎಂದರೆ ಮೂರು ಸೆಕೆಂಡಿಗೆ ತುಸು ಮೇಲ್ಪಟ್ಟು, ಅದು ಅಷ್ಟೇ ಓರೆಯಾಯಿತು. ರಾಸಾಯನಿಕ ಕ್ರಿಯೆಯನ್ನು ನೋಡಿದರೂ ಅಷ್ಟೇ. ಹೀಗೆ ವಿದ್ಯುತ್ತು ಒಂದೇ ಎಂದಾದ ಮೇಲೆ, ಅದನ್ನು ಅಳೆಯಲು ಒಂದು ಗೋಲು ಬೇಕಾಯಿತು. ಆ ಗೋಲನ್ನು ಅವನು ನೀರಿನಲ್ಲಿಯೇ ಕಂಡನು.

ಒಂದು ಕಡೆ ಮುಚ್ಚಿದ ಗಾಜಿನ ಕೊಳವೆ, ಅದರ ಮೈಮೇಲೆ ಅಳತೆಯ ಗೆರೆಗಳು, ಒಳಗೆ ಪ್ಲಾಟಿನಂನ ಎರಡು ತಗಡು, ನೀರು ಬೆರೆಸಿದ ಗಂಧಕಾಮ್ಲ. ವಿದ್ಯುತ್ತು ಹರಿದಾಗ ಏಳುವ ಅನಿಲ ಕೊಳವೆಯ ತುದಿಯಲ್ಲಿ ನಿಲ್ಲುತ್ತದೆ. ಗೆರೆ ನೋಡಿದರೆ ಲೆಕ್ಕ ಸಿದ್ಧ. ಇದಕ್ಕೆ ಮುಂದೆ ವೋಲ್ಟಾಮೀಟರ್ ಎಂಬ ಹೆಸರು ನಿಂತಿತು. ಆದರೆ ಅಳತೆಗೋಲನ್ನು ನಂಬುವ ಮೊದಲು ಅದನ್ನೇ ಪರೀಕ್ಷಿಸಬೇಕಲ್ಲವೇ? ಪಾತ್ರೆಯಿಂದ ಪಾತ್ರೆಗೆ ಅನಿಲದ ಮೊತ್ತ ಬದಲಾದರೆ ಆ ಗೋಲಿಗೆ ಬೆಲೆಯೇನು? ಆದುದರಿಂದ ಫ್ಯಾರಡೆ ಒಂದಕ್ಕೊಂದು ಹೋಲದ ಪಾತ್ರೆಗಳನ್ನು ಉದ್ದೇಶಪೂರ್ವಕವಾಗಿ ಸಿದ್ಧಪಡಿಸಿದನು. ಒಂದರಲ್ಲಿ ಅಗಲವಾದ ತಗಡು, ಇನ್ನೊಂದರಲ್ಲಿ ಬರಿಯ ತಂತಿ. ಒಂದರಲ್ಲಿ ತೀಕ್ಷ್ಣವಾದ ಆಮ್ಲ, ಇನ್ನೊಂದರಲ್ಲಿ ಬಹಳ ನೀರು ಬೆರೆತದ್ದು. ತಗಡುಗಳು ಇಲ್ಲಿ ಹತ್ತಿರ, ಅಲ್ಲಿ ದೂರ. ಅನಂತರ ಅವನು ಮಾಡಿದುದೇ ಮುಖ್ಯ: ಈ ಪಾತ್ರೆಗಳನ್ನು ಬೇರೆಬೇರೆ ಬ್ಯಾಟರಿಗಳಿಗೆ ಕಟ್ಟಲಿಲ್ಲ. ಒಂದರ ಮುಂದೊಂದರಂತೆ ಸಾಲಾಗಿ ಜೋಡಿಸಿ, ಅದೇ ಒಂದು ಪ್ರವಾಹ ಎಲ್ಲವನ್ನೂ ಹಾದುಹೋಗುವಂತೆ ಮಾಡಿದನು. ಒಂದೇ ಕಾಲುವೆಯ ನೀರು ಸಾಲುಗದ್ದೆಗಳನ್ನು ಹಾದುಹೋದಂತೆ; ವ್ಯತ್ಯಾಸವಿಷ್ಟೇ, ಗದ್ದೆ ನೀರನ್ನು ಕುಡಿಯುತ್ತದೆ, ಇಲ್ಲಿ ಮೊದಲ ಪಾತ್ರೆಯನ್ನು ಹೊಕ್ಕಷ್ಟೇ ವಿದ್ಯುತ್ತು ಕೊನೆಯದನ್ನೂ ಹೊಗುತ್ತದೆ.

ಫಲಿತಾಂಶ ಏನು? ಎಲ್ಲ ಪಾತ್ರೆಗಳಲ್ಲಿಯೂ ಜಲಜನಕ ಸಮನಾಗಿ ಬಂದಿತು. ಮತ್ತೊಂದು ಏರ್ಪಾಟಿನಲ್ಲಿ ಪ್ರವಾಹವನ್ನು ಮೊದಲ ಪಾತ್ರೆಯಿಂದಾಚೆಗೆ ಎರಡು ಕವಲಾಗಿ ಒಡೆದು ಎರಡು ಪಾತ್ರೆಗಳಿಗೆ ಹರಿಸಿದನು. ಆ ಎರಡರ ಅನಿಲವನ್ನು ಕೂಡಿದರೆ ಮೊದಲನೆಯದಕ್ಕೆ ಸರಿಹೋಯಿತು. ನೀರಿನ ಜೊತೆಗೆ ಬೇರೆ ವಸ್ತುಗಳನ್ನೂ ನೋಡಿದನು. ಕಾಯಿಸಿ ಕರಗಿಸಿದ ತವರದ ಕ್ಲೋರೈಡನ್ನು ವೋಲ್ಟಾಮೀಟರಿನೊಡನೆ ಸಾಲಿನಲ್ಲಿ ಇರಿಸಿದಾಗ, 3.2 ಗ್ರೇನ್ ತವರ ಬೇರ್ಪಡುವಷ್ಟರಲ್ಲಿ ವೋಲ್ಟಾಮೀಟರಿನಲ್ಲಿ 3.85 ಘನ ಅಂಗುಲ ಮಿಶ್ರ ಅನಿಲ ನಿಂತಿತ್ತು. ಇದರಿಂದ ತವರದ ಸಮಾನತೂಕ 57.9 ಎಂದು ಬಂದಿತು. ರಸಾಯನಶಾಸ್ತ್ರಜ್ಞರು ತಕ್ಕಡಿಯಿಂದ ಬೇರೆ ಮಾರ್ಗದಲ್ಲಿ ಪಡೆದಿದ್ದ ಸಂಖ್ಯೆಗೂ ಇದಕ್ಕೂ ಹೆಚ್ಚು ಅಂತರವಿರಲಿಲ್ಲ. ಹರಿದ ವಿದ್ಯುತ್ತಿನ ಮೊತ್ತಕ್ಕೆ ತಕ್ಕಷ್ಟೇ ವಸ್ತು ಒಡೆಯುತ್ತದೆ; ಬೇರೆಬೇರೆ ವಸ್ತುಗಳು ತಮ್ಮ ತಮ್ಮ ಸಮಾನತೂಕದ ಪ್ರಮಾಣದಲ್ಲಿ ಒಡೆಯುತ್ತವೆ. ಇವೇ ಫ್ಯಾರಡೆಯ ಎರಡು ನಿಯಮಗಳು.

ಈ ಕೆಲಸ ಬರೆದಷ್ಟು ಸುಲಭವಾಗಿ ನಡೆಯಲಿಲ್ಲ. ಅಳತೆ ಕೆಲವೊಮ್ಮೆ ಕೈಕೊಟ್ಟಿತು. ಪ್ರವಾಹವನ್ನು ನಿಲ್ಲಿಸಿ ಕೊಳವೆಯನ್ನು ಹಾಗೆಯೇ ಬಿಟ್ಟಾಗ ಒಳಗಿನ ಅನಿಲ ತಾನಾಗಿ ಕುಗ್ಗುತ್ತ ಬಂದಿತು. ಕೆಲವು ಸಲ ಪೂರ್ತಿಯಾಗಿ ಮಾಯವಾಯಿತು. ಸೋರಿಕೆ ಎಂದು ಬೇರೆಯವರಾಗಿದ್ದರೆ ಕೈಬಿಡುತ್ತಿದ್ದರು. ಫ್ಯಾರಡೆ ತನ್ನ ಮುಖ್ಯ ಕಾರ್ಯವನ್ನು ಬದಿಗಿಟ್ಟು ಈ ನಷ್ಟದ ಬೆನ್ನು ಹತ್ತಿದನು. ಶುದ್ಧವಾದ ಪ್ಲಾಟಿನಂ ತಗಡಿನ ಮೈಮೇಲೆ ಜಲಜನಕವೂ ಆಮ್ಲಜನಕವೂ ಮತ್ತೆ ಸದ್ದಿಲ್ಲದೆ ಕೂಡಿ ನೀರಾಗುತ್ತವೆಂದು ಕಂಡಿತು. ಆ ನಷ್ಟವೇ ಒಂದು ಸ್ವತಂತ್ರ ಲೇಖನಕ್ಕೆ ವಸ್ತುವಾಯಿತು. ಆಮ್ಲಜನಕದ ಲೆಕ್ಕವೂ ಪೂರ್ತಿ ನಂಬತಕ್ಕದ್ದಲ್ಲವೆಂದು ಅವನು ಅರಿತನು. ಅದರಲ್ಲಿ ಒಂದಿಷ್ಟು ದ್ರವದಲ್ಲಿಯೇ ಉಳಿದುಬಿಡುತ್ತದೆ. ಆದುದರಿಂದ ಎರಡು ಅನಿಲಗಳನ್ನು ಬೇರೆಬೇರೆ ಕೊಳವೆಗಳಲ್ಲಿ ಹಿಡಿದು ಜಲಜನಕವೊಂದನ್ನೇ ಅಳೆಯುವುದು ಹೆಚ್ಚು ವಿಶ್ವಸನೀಯವೆಂದು ಅವನ ಅನುಭವ ಹೇಳಿತು. ಶಾಲೆಯ ಇದ್ದಿಲ ಸರಳಿನ ಪಾತ್ರೆಗೂ ಈ ಮಾತು ಅನ್ವಯಿಸುತ್ತದೆ, ಕಾರಣ ಸ್ವಲ್ಪ ಬೇರೆ: ಅಲ್ಲಿ ಹುಟ್ಟುವ ಆಮ್ಲಜನಕದ ಒಂದು ಭಾಗ ಇದ್ದಿಲನ್ನೇ ತಿಂದುಹಾಕುತ್ತದೆ.

ಇನ್ನು ಬಾಲಕರ ವಾದಕ್ಕೆ ಬರಬಹುದು. ಫ್ಯಾರಡೆಯ ನಿಯಮವನ್ನು ಇಂದಿನ ಮಾನಗಳಲ್ಲಿ ಹೇಳಿದರೆ, ಒಂದು ಆಂಪೇರು ಒಂದು ಗಂಟೆಯ ಕಾಲ ಹರಿದಾಗ ಹುಟ್ಟುವ ಜಲಜನಕ, ಸಮುದ್ರಮಟ್ಟದ ಒತ್ತಡದಲ್ಲಿ, 25 ಡಿಗ್ರಿ ಸೆಂಟಿಗ್ರೇಡಿನಲ್ಲಿ, ತೇವವಿಲ್ಲದೆ ಅಳೆದರೆ, ಸುಮಾರು 456 ಮಿಲಿಲೀಟರು. ಇದಕ್ಕಿಂತ ಹೆಚ್ಚು ಕೊಡುವ ಪಾತ್ರೆ ಲೋಕದಲ್ಲಿಲ್ಲ. ಆದರೂ ಹೆಚ್ಚು ಬಂದಿತೆಂದು ಹೇಳುವವರು ಆಗಾಗ ಕಾಣಿಸಿಕೊಳ್ಳುತ್ತಾರೆ. ಅವರೆಲ್ಲರೂ ಸುಳ್ಳು ಹೇಳುವವರೆಂದು ತಿಳಿಯಬೇಕಾಗಿಲ್ಲ. ಬೀರೂರು ಸಮುದ್ರಮಟ್ಟಕ್ಕಿಂತ ಏಳುನೂರು ಮೀಟರಿಗೂ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ಆದುದರಿಂದ ಅಷ್ಟೇ ಅನಿಲ ಹೆಚ್ಚು ಜಾಗವನ್ನು ಹಿಡಿಯುತ್ತದೆ. ನೀರಿನ ಮೇಲೆ ಹಿಡಿದ ಅನಿಲದಲ್ಲಿ ನೀರಾವಿಯೂ ಸೇರಿರುತ್ತದೆ. ಇವೆರಡೂ ಕೂಡಿ, 27 ಡಿಗ್ರಿಯ ಹಗಲಿನಲ್ಲಿ ಆ 456 ಮಿಲಿಲೀಟರಿನ ಬದಲು ಗೆರೆಯು 520ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಒತ್ತಡದ ಲೆಕ್ಕವನ್ನು ಬಿಟ್ಟ ಬಾಲಕನು ತನ್ನ ಪಾತ್ರೆಯ ದಕ್ಷತೆ ನೂರಕ್ಕೆ ನೂರಹದಿನಾಲ್ಕು ಎಂದು ಬರೆದುಕೊಂಡು ಹಿಗ್ಗುವ ಸಂಭವವುಂಟು.

ಹಾಗಾದರೆ ಎಲ್ಲ ಪಾತ್ರೆಗಳೂ ಸಮವೇ? ಪ್ರವಾಹಕ್ಕೆ ಎಷ್ಟು ಅನಿಲ ಎಂಬ ದೃಷ್ಟಿಯಿಂದ, ಸೋರಿಕೆ ಮತ್ತು ಮರುಕೂಡಿಕೆಗಳನ್ನು ಬಿಟ್ಟರೆ, ಬಹುಮಟ್ಟಿಗೆ ಸಮವೇ. ಭೇದವಿರುವುದು ಆ ಪ್ರವಾಹವನ್ನು ನೂಕಲು ಬೇಕಾಗುವ ವೋಲ್ಟೇಜಿನಲ್ಲಿ. ಇದನ್ನು ಫ್ಯಾರಡೆಯ ನಿಯಮ ಹೇಳುವುದಿಲ್ಲ. ಪ್ರವಾಹದಿಂದ ಹುಟ್ಟುವ ಶಾಖವನ್ನು ಮ್ಯಾಂಚೆಸ್ಟರಿನ ಬಳಿಯ ಸಾಲ್ಫರ್ಡಿನ ಜೂಲ್ 1840ರ ಸುಮಾರಿಗೆ ಅಳೆಯತೊಡಗಿದ ಮೇಲೆ ಈ ಅರ್ಧಭಾಗ ತಿಳಿಯುತ್ತ ಬಂದಿತು. ಹುಟ್ಟಿದ ಜಲಜನಕವನ್ನು ಉರಿಸಿದರೆ ಹಿಂದಿರುಗುವ ಶಾಖಕ್ಕೆ ಸರಿಯಾದ ವೋಲ್ಟೇಜು 1.48. ಅದನ್ನು ಪಾತ್ರೆಗೆ ಕೊಟ್ಟ ವೋಲ್ಟೇಜಿನಿಂದ ಭಾಗಿಸಿದರೆ ದಕ್ಷತೆ ಬರುತ್ತದೆ. ತಗಡುಗಳು ಅಗಲವಾಗಿ ಹತ್ತಿರವಿದ್ದು, ದ್ರಾವಣ ಪ್ರಬಲವಾಗಿದ್ದು, 2 ವೋಲ್ಟಿಗೆ ಒಂದು ಆಂಪೇರನ್ನು ಹರಿಸುವ ಪಾತ್ರೆಯ ದಕ್ಷತೆ ನೂರಕ್ಕೆ 74. ಪೆನ್ಸಿಲ್ ಕಡ್ಡಿಗಳನ್ನು ದೂರ ಇರಿಸಿ ಅಷ್ಟೇ ಪ್ರವಾಹಕ್ಕೆ 6 ವೋಲ್ಟನ್ನು ಬೇಡುವ ಪಾತ್ರೆಯದು ನೂರಕ್ಕೆ 25ಕ್ಕಿಂತ ತುಸು ಕಡಿಮೆ. ಕಾರಿನ 12 ವೋಲ್ಟಿನ ಬ್ಯಾಟರಿಯನ್ನು ಒಂದೇ ಪಾತ್ರೆಗೆ ಕಟ್ಟಿದರೆ ಭರ್ಜರಿಯಾಗಿ ಗುಳ್ಳೆ ಏಳುತ್ತದೆ, ಆದರೆ ದಕ್ಷತೆ ನೂರಕ್ಕೆ 12. ಉಳಿದುದೆಲ್ಲ ನೀರನ್ನು ಕಾಯಿಸಲು ವ್ಯಯ. ಮನೆಯಲ್ಲಿ ಮಾಡಿದ ಎರಡು ಪಾತ್ರೆಗಳನ್ನು ನ್ಯಾಯವಾಗಿ ಹೋಲಿಸಬೇಕಾದರೆ ಫ್ಯಾರಡೆಯಂತೆ ಅವನ್ನು ಸಾಲಿನಲ್ಲಿ ಜೋಡಿಸಿ, ಒಂದೊಂದರ ತುದಿಗಳ ನಡುವಿನ ವೋಲ್ಟೇಜನ್ನು ಬೇರೆಬೇರೆಯಾಗಿ ಅಳೆದರೆ ಸಾಕು. ಕಡಿಮೆ ವೋಲ್ಟೇಜಿನದು ಮೇಲು. ಭಾರತ ಸರ್ಕಾರವು 2023ರ ಜನವರಿಯಲ್ಲಿ ಹಸಿರು ಜಲಜನಕದ ರಾಷ್ಟ್ರೀಯ ಯೋಜನೆಗೆ ಒಪ್ಪಿಗೆಯಿತ್ತ ಮೇಲೆ ಈ ಲೆಕ್ಕ ಕೋಟ್ಯಂತರ ರೂಪಾಯಿಗಳ ಲೆಕ್ಕವೂ ಆಗಿದೆ: ಒಂದು ಕಿಲೋಗ್ರಾಂ ಜಲಜನಕಕ್ಕೆ ಕನಿಷ್ಠ 39.4 ಯೂನಿಟ್ಟು ಶಕ್ತಿ ಬೇಕು, ದೊಡ್ಡ ಕಾರ್ಖಾನೆಗಳ ಯಂತ್ರಗಳು ಬಳಸುವುದು 50 ಯೂನಿಟ್ಟಿಗೂ ಮೇಲೆ. ಉಪಾಧ್ಯಾಯರು ಗಮನಿಸಬೇಕಾದ ಒಂದು ಮಾತನ್ನು ಇಲ್ಲಿಯೇ ಸೇರಿಸಬೇಕು. ಅಡಿಗೆಯ ಉಪ್ಪನ್ನು ಬಳಸಿದರೆ ವಿಷಾನಿಲವಾದ ಕ್ಲೋರೀನ್ ಏಳುತ್ತದೆ. ಎರಡು ಅನಿಲಗಳನ್ನು ಒಂದೇ ಬಾಟಲಿಯಲ್ಲಿ ಕೂಡಿಸಿದರೆ ಕಿಡಿ ತಗಲಿದೊಡನೆ ಸಿಡಿಯುತ್ತದೆ.

ಹೊಸ ಸಂಗತಿಗಳಿಗೆ ಹೊಸ ಶಬ್ದಗಳು ಬೇಕಾದುವು. ಫ್ಯಾರಡೆಗೆ ಗ್ರೀಕ್ ಬಾರದು. 1834ರಲ್ಲಿ ಆತನು ಕೇಂಬ್ರಿಜಿನ ಟ್ರಿನಿಟಿ ಕಾಲೇಜಿನ ಮಹಾವಿದ್ವಾಂಸ ವಿಲಿಯಂ ಹ್ಯೂಯೆಲನಿಗೆ ಬರೆದು ಕೇಳಿದನು. ಆನೋಡ್, ಕ್ಯಾಥೋಡ್, ಅಯಾನ್ ಎಂಬ ಮಾತುಗಳು ಆ ಪತ್ರವ್ಯವಹಾರದಲ್ಲಿ ಹುಟ್ಟಿದುವು. ಆನೋಡ್ ಎಂದರೆ ಮೇಲೇರುವ ದಾರಿ, ಸೂರ್ಯೋದಯದ ದಿಕ್ಕು. ಕ್ಯಾಥೋಡ್ ಎಂದರೆ ಇಳಿಯುವ ದಾರಿ, ಅಸ್ತಮಾನದ ದಿಕ್ಕು. ಅಯಾನ್ ಎಂದರೆ ಹೋಗುವುದು, ಸಂಚಾರಿ. ಪದಾರ್ಥದ ಸ್ವರೂಪ ಇನ್ನೂ ತಿಳಿಯದಿದ್ದಾಗ ಅದರ ಬಗ್ಗೆ ಯಾವ ಊಹೆಯನ್ನೂ ಹೇರದ ಹೆಸರುಗಳು ಬೇಕೆಂಬುದು ಫ್ಯಾರಡೆಯ ಹಟವಾಗಿತ್ತು. ಶಬ್ದಶಾಸ್ತ್ರವನ್ನು ಬಲ್ಲವರು ಈ ವಿವೇಕವನ್ನು ಮೆಚ್ಚದಿರಲಾರರು. ಇಂಗ್ಲಿಷಿಗೆ ಗ್ರೀಕ್ ಇದ್ದಂತೆ ಕನ್ನಡಕ್ಕೆ ಸಂಸ್ಕೃತ ಒದಗಿತು. ನೀರನ್ನು ಹುಟ್ಟಿಸುವುದು ಎಂಬ ಅರ್ಥದ ಹೈಡ್ರೋಜನ್ನಿಗೆ ಜಲಜನಕವೆಂಬ ಮಾತು ಅಕ್ಷರಕ್ಕಕ್ಷರ ಹೊಂದುತ್ತದೆ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಬೆಂಗಳೂರಿನಲ್ಲಿ ವಿಜ್ಞಾನವೆಂಬ ಮಾಸಪತ್ರಿಕೆಯನ್ನು ಹೊರಡಿಸಿದಾಗ ಎದುರಿಸಿದುದು ಫ್ಯಾರಡೆ ಎದುರಿಸಿದ ತೊಡಕನ್ನೇ.

ಒಂದು ಗ್ರೇನ್ ನೀರನ್ನು ಒಡೆಯಲು ಬೇಕಾಗುವ ವಿದ್ಯುತ್ತು, ತನ್ನ ಹದಿನೈದು ಲೇಡನ್ ಜಾಡಿಗಳ ಸಮೂಹವನ್ನು ಎಂಟು ಲಕ್ಷ ಸಲ ತುಂಬಿದರೆ ಆಗುವಷ್ಟು ಎಂದು ಅವನು ಲೆಕ್ಕ ಹಾಕಿದ್ದನು. ಹನಿ ನೀರಿನಲ್ಲಿ ಸಿಡಿಲಿಗೆ ಸಮನಾದ ವಿದ್ಯುತ್ತು ಅಡಗಿದೆ ಎಂಬ ಈ ಮಾತನ್ನು ಸಮಕಾಲೀನರು ಸುಲಭವಾಗಿ ನಂಬಲಿಲ್ಲ.

ಈ ಎಲ್ಲ ಕೆಲಸಕ್ಕೂ ಅವನಿಗಿದ್ದ ಸಹಾಯಕ ಒಬ್ಬನೇ, ಸೇನೆಯಿಂದ ನಿವೃತ್ತನಾಗಿದ್ದ ಸಾರ್ಜೆಂಟ್ ಆಂಡರ್ಸನ್. ಮನೆಗೆ ಹೋಗೆಂದು ಹೇಳಲು ಫ್ಯಾರಡೆ ಒಂದು ಸಂಜೆ ಮರೆತನೆಂದೂ, ಮಾರನೆಯ ಬೆಳಗ್ಗೆ ಬಂದು ನೋಡಿದರೆ ಆಂಡರ್ಸನ್ ಇನ್ನೂ ಕುಲುಮೆಗೆ ಇದ್ದಿಲು ಹಾಕುತ್ತಿದ್ದನೆಂದೂ ಹೇಳುವುದುಂಟು. 1821ರಲ್ಲಿ ಕೈಹಿಡಿದ ಸಾರಾ ಬರ್ನಾರ್ಡಳೊಡನೆ ಫ್ಯಾರಡೆ ಇನ್‌ಸ್ಟಿಟ್ಯೂಷನ್ನಿನ ಮಾಳಿಗೆಯಲ್ಲಿಯೇ ವಾಸವಾಗಿದ್ದನು. ಮಕ್ಕಳಿರಲಿಲ್ಲ. 1830ರಲ್ಲಿ ಕಾರ್ಖಾನೆಗಳಿಗೆ ಸಲಹೆ ಕೊಡುವುದರಿಂದ ಅವನಿಗೆ ಸಾವಿರ ಪೌಂಡಿನಷ್ಟು ಆದಾಯವಿತ್ತು. ಸಂಶೋಧನೆಗೆ ಕಾಲ ಸಾಲದೆಂದು ಆ ದಾರಿಯನ್ನು ಅವನು ಬಹುಮಟ್ಟಿಗೆ ಮುಚ್ಚಿಬಿಟ್ಟನು. ನೈಟ್ ಪದವಿಯನ್ನು ಒಲ್ಲೆನೆಂದನು. ರಾಯಲ್ ಸೊಸೈಟಿಯ ಅಧ್ಯಕ್ಷತೆಯನ್ನೂ ಒಲ್ಲೆನೆಂದನು.

1839ರ ಬಳಿಕ ದೇಹವೂ ನೆನಪೂ ಕೈಕೊಟ್ಟವು. ಕೆಲವು ವರ್ಷ ಪ್ರಯೋಗಶಾಲೆಯ ಕೆಲಸ ಹೆಚ್ಚುಕಡಿಮೆ ನಿಂತೇಹೋಯಿತು. ತಾನು ನಿನ್ನೆ ಮಾಡಿದ್ದನ್ನು ತಾನೇ ಮರೆತು ಮತ್ತೆ ಮಾಡುವಂಥ ಸ್ಥಿತಿಯಲ್ಲಿ ಅವನನ್ನು ಕಾಪಾಡಿದುದು ಬರೆದಿಡುವ ಅಭ್ಯಾಸ. 1845ರಲ್ಲಿ ಚೇತರಿಸಿಕೊಂಡು ಬೆಳಕಿಗೂ ಅಯಸ್ಕಾಂತಕ್ಕೂ ಸಂಬಂಧವುಂಟೆಂದು ತೋರಿಸಿದನು. ಮಕ್ಕಳಿಗಾಗಿ ನಡೆಯುತ್ತಿದ್ದ ಕ್ರಿಸ್‌ಮಸ್ ಉಪನ್ಯಾಸಗಳನ್ನು ಮಾತ್ರ ಮುಪ್ಪಿನಲ್ಲಿಯೂ ಬಿಡಲಿಲ್ಲ. 1860ರ ಕೊನೆಯಲ್ಲಿ ಒಂದು ಮೇಣದ ಬತ್ತಿಯನ್ನು ಮುಂದಿಟ್ಟುಕೊಂಡು ರಸಾಯನಶಾಸ್ತ್ರವನ್ನೆಲ್ಲ ಹೇಳಿದನು. ಅಲ್ಲಿಯೂ ನೀರನ್ನು ಬ್ಯಾಟರಿಯಿಂದ ಒಡೆದು, ಬಂದ ಅನಿಲವನ್ನು ಉರಿಸಿ, ಮತ್ತೆ ನೀರನ್ನು ಪಡೆಯುವ ಪ್ರಯೋಗವಿತ್ತು.

1858ರಲ್ಲಿ ವಿಕ್ಟೋರಿಯಾ ರಾಣಿ ಹ್ಯಾಂಪ್ಟನ್ ಕೋರ್ಟಿನ ಬಳಿ ಕೊಟ್ಟ ಮನೆಯಲ್ಲಿ, 1867ರ ಆಗಸ್ಟ್ 25ರಂದು, ಕುರ್ಚಿಯಲ್ಲಿ ಕುಳಿತಿದ್ದಂತೆಯೇ ಫ್ಯಾರಡೆ ಕಣ್ಮುಚ್ಚಿದನು. ಹೈಗೇಟಿನ ಸ್ಮಶಾನದಲ್ಲಿ ಅವನ ಸಮಾಧಿಯ ಕಲ್ಲಿನ ಮೇಲೆ ಹೆಸರೂ ಜನನ ಮರಣದ ದಿನಗಳೂ ಅಲ್ಲದೆ ಹೊಗಳಿಕೆಯ ಮಾತಿಲ್ಲ. ಒಂದು ಮೋಲ್ ಇಲೆಕ್ಟ್ರಾನಿನ ವಿದ್ಯುದಂಶವಾದ 96,485 ಕೂಲಂಬಿಗೆ ಇಂದು ಆತನ ಹೆಸರಿದೆ. 1908ರಿಂದ 1948ರವರೆಗೆ ಆಂಪೇರಿನ ಅಂತರರಾಷ್ಟ್ರೀಯ ಮಾನವನ್ನು ನಿರ್ಧರಿಸುತ್ತಿದ್ದುದೂ ಒಂದು ವೋಲ್ಟಾಮೀಟರೇ, ಬೆಳ್ಳಿಯದು: ಸೆಕೆಂಡಿಗೆ 1.118 ಮಿಲಿಗ್ರಾಂ ಬೆಳ್ಳಿಯನ್ನು ಬೇರ್ಪಡಿಸುವ ಪ್ರವಾಹವೇ ಒಂದು ಆಂಪೇರು.

ಪ್ರಯೋಗಗಳನ್ನು ಬರೆದಿಟ್ಟ ದಿನಚರಿಯ ಕಂಡಿಕೆಗಳಿಗೆ ಫ್ಯಾರಡೆ 1832ರಿಂದ ಅನುಕ್ರಮವಾಗಿ ಸಂಖ್ಯೆ ಹಾಕುತ್ತ ಬಂದಿದ್ದನು. 1860ರ ವೇಳೆಗೆ ಅವು ಹದಿನಾರು ಸಾವಿರವನ್ನು ದಾಟಿದ್ದುವು. ಸಫಲವಾದುವೂ ವಿಫಲವಾದುವೂ ಅದರಲ್ಲಿ ಒಂದೇ ಕೈಬರಹದಲ್ಲಿ ಅಕ್ಕಪಕ್ಕದಲ್ಲಿವೆ. ಆ ದಿನಚರಿಯನ್ನು ಆತನು ರಾಯಲ್ ಇನ್‌ಸ್ಟಿಟ್ಯೂಷನ್ನಿಗೆ ಬಿಟ್ಟುಹೋದನು. ಅದರ ಹಾಳೆಗಳನ್ನು ಹೊಲಿದು ರಟ್ಟು ಕಟ್ಟಿದವನೂ ಆತನೇ.